ಟಾಲ್ವೀನ್ ಬಿಟ್ಟುಹೋದ ಬಾವಿ

ಹುಬ್ಬಳ್ಳಿಯ ಮೂಡಣ ದಿಣ್ಣೆ
೩೦ ಫೆಬ್ರವರಿ, ೨೧೮೭

ಹಿಂದಿನ ಕಾಲದವರೇ,

ತಾರೀಖು ನೋಡಿ ನಗಬೇಡಿ. ನಾವು ಪಂಚಾಂಗ ತಿದ್ದಿಕೊಂಡು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ಬಣ್ಣ ತೆಳುವಾಗಿಸಲು, ಅಂಟು ಕರಗಿಸಲು ನೀವು ಬಳಸುವ ಟಾಲ್ವೀನ್ ನಮಗೆ ಘಾಟಿನಿಂದಷ್ಟೇ ಪರಿಚಯ. ಇಲ್ಲಿದ್ದ ಬಣ್ಣದ ಕಾರ್ಖಾನೆ ಮುಚ್ಚುವಾಗ ಉಳಿದ ಪೀಪಾಯಿಗಳನ್ನು ನೆಲದಲ್ಲಿ ಹೂತರಂತೆ. ಅವು ತುಕ್ಕು ಹಿಡಿದು ಸೋರಿದವು. ದಿಣ್ಣೆಯ ಬಾವಿಗೆ ತಲೆ ಸುತ್ತಿಸುವ ಸಿಹಿ ಘಾಟು ಇಳಿಯಿತು. ಅಂದಿನಿಂದ ನಮಗೆ ದೂರದ ನೀರಬಂಡಿಯೇ ಗತಿ. ಅಕ್ಕಿ ತೊಳೆದ ನೀರಿನಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರಿನಲ್ಲಿ ನೆಲ, ಹೀಗೆ ಬದುಕಿದೆವು.

ನಮ್ಮವ್ವನ ಕಾಲದಲ್ಲಿ ತಿನ್ನುಮಣ್ಣು ಬಂತು. ಟಾಲ್ವೀನನ್ನೇ ಉಂಡು ಬದುಕುವ ಸೂಕ್ಷ್ಮಜೀವಿಗಳಿರುವ ಮಣ್ಣು ಅದು. ಮೊಸರಿನ ಹೆಪ್ಪು ಉಳಿಸಿಕೊಂಡ ಹಾಗೆ ಮನೆಮನೆಯಲ್ಲೂ ಅದನ್ನು ಸಾಕಿ, ಕೊಳವೆಗಳಲ್ಲಿ ನೆಲದೊಳಗೆ ಬಿಡುತ್ತ ಬಂದೆವು.

ಈ ವರ್ಷ ಟಾಲ್ವೀನ್ ಅಳೆಯುವ ಮಾಪಕ ಸೊನ್ನೆ ತೋರಿಸಿತು. ಆದರೂ ಬಾವಿಗೆ ಇಳಿಯಲು ಯಾರಿಗೂ ಧೈರ್ಯ ಬರಲಿಲ್ಲ. ಹಿಂದೆ ಹೂಳೆತ್ತಲು ಇಳಿದಿದ್ದ ಮೌಲಾಸಾಬ ಆ ಘಾಟಿಗೆ ಪ್ರಜ್ಞೆ ತಪ್ಪಿ, ಜೀವಂತವಾಗಿ ಮೇಲೆ ಬರಲಿಲ್ಲ. ಅವನ ಮಗಳು ಇಮಾಂಬಿ, ಬಾವಿ ಕಟ್ಟುವ ಕಸುಬಿನವಳು, ನನ್ನ ಜೀವದ ಗೆಳತಿ. ತಳದಲ್ಲಿ ಮುಚ್ಚಿಹೋದ ಒರತೆ ತೆರೆಯಲು ಅವಳೇ ಮುಂದೆ ಬಂದಳು.

"ಫಕ್ಕೀರವ್ವಾ, ನಾನ ಇಳೀತೀನಿ. ಹಗ್ಗ ಮಾತ್ರ ನಿನ್ನ ಕೈಯಾಗ ಇರ್ಲಿ."

ಮಾಪಕವನ್ನು ಕೊರಳಿಗೆ ಕಟ್ಟಿಕೊಂಡು ಇಳಿದಳು. ಹಾರೆಯ ಸಪ್ಪಳ ಕೇಳಿಸುತ್ತಿತ್ತು, ನಡುವೆ ಓಗೊಡುತ್ತಿದ್ದಳು. ಇದ್ದಕ್ಕಿದ್ದಂತೆ ಎಲ್ಲ ನಿಂತಿತು.

"ಇಮಾಂಬೀ! ಓ ಅನ್ನವ್ವಾ!" ಎಂದು ಕೂಗಿದೆ. ಉತ್ತರವಿಲ್ಲ. ಎಲ್ಲರೂ ಸೇರಿ ಹಗ್ಗ ಎಳೆದೆವು. ನನ್ನ ಅಂಗೈ ಸುಲಿದದ್ದು ಆಗ ತಿಳಿಯಲಿಲ್ಲ.

ಕಟ್ಟೆಗೆ ಬಂದ ಇಮಾಂಬಿ ಗಲ್ಲ ಉಬ್ಬಿಸಿಕೊಂಡಿದ್ದಳು. ಗುಳಕ್ಕನೆ ನುಂಗಿ, ನಮ್ಮ ಮುಖಗಳನ್ನು ನೋಡಿ ಬೆರಗಾದಳು.

"ಒರತಿ ಒಡೀತು. ಬಾಯ್ತುಂಬ ನೀರಿತ್ತು, ಓ ಹ್ಯಾಂಗ ಅನ್ಲಿ?"

ಅವಳ ಬೆನ್ನಿಗೊಂದು ಗುದ್ದಿದೆ. ಆಮೇಲೆ ತಬ್ಬಿಕೊಂಡು ಅತ್ತೆ. ಅವಳು ತಗ್ಗಿದ ದನಿಯಲ್ಲಿ, "ಘಾಟಿಲ್ಲ ಬೇ. ನಮ್ಮ ಅಬ್ಬಾ ಹೋದ ಜಾಗದಾಗ ಬರೇ ಹಸೀ ಮಣ್ಣಿನ ವಾಸನೆ" ಎಂದಳು.

ನಿಮ್ಮಲ್ಲಿ ಆ ಕಾರ್ಖಾನೆ ಇನ್ನೂ ನಡೆಯುತ್ತಿರಬಹುದು. ಟಾಲ್ವೀನ್ ಬಳಸಬೇಡಿ ಎನ್ನಲಾರೆ. ಉಳಿದದ್ದನ್ನು ಮರಳಿ ಶುದ್ಧಮಾಡಿ ಬಳಸಿ. ನೆಲಕ್ಕೆ ಮಾತ್ರ ಹಾಕಬೇಡಿ. ನೆಲ ಮರೆಯಲು ಬಹಳ ಕಾಲ ಬೇಕು.

ಹೊರಗೆ ಬಾವಿಕಟ್ಟೆಯಲ್ಲಿ ಕೊಡಗಳ ಸದ್ದಾಗುತ್ತಿದೆ. ನನ್ನ ಪಾಳಿ ಬಂತು. ಬರಲೇ?

ಫಕ್ಕೀರವ್ವ