ಒಗೆಯದ ಅಂಗಿ

ತಿಂಗೊ
ಆಗಸ್ಟ್ 17

ಅಕ್ಕಾ ಒಲಿಂಡಾ,

ಬೈಬೇಡ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆದಿಲ್ಲ, ಗೊತ್ತು. ಪ್ರವಾಸಿಗರ ಕಾಲ. ದಿನಾ ಅವರನ್ನು ಕೋಟೆ ಹತ್ತಿಸಿ, ಕಾಡು ಸುತ್ತಿಸಿ ಮನೆ ಸೇರುವಷ್ಟರಲ್ಲಿ ಕಾಲು ನನ್ನ ಮಾತೇ ಕೇಳುವುದಿಲ್ಲ. ನಿನ್ನ ಮಂಡಿನೋವು ಹೇಗಿದೆ? ಆ ಸಮುದ್ರದ ಗಾಳಿ ಹಿಡಿಸಿತಾ?

ಕೋಟೆಯೊಳಗಿನ ಗುಂಡನೆಯ ಪಾಳುಮನೆಗಳನ್ನು ತೋರಿಸಿದ ಕೂಡಲೇ ಎಲ್ಲರದ್ದೂ ಒಂದೇ ಪ್ರಶ್ನೆ: "ಇಲ್ಲಿದ್ದ ಜನ ಎಲ್ಲಿ ಹೋದ್ರು?" ಮೊದಲೆಲ್ಲ ಇಂಕಾಗಳು, ಸ್ಪೇನಿನವರು, ಸಿಡುಬು ಅಂತ ಪಟಪಟ ಹೇಳುತ್ತಿದ್ದೆ. ಈಗ ಬಾಯಿ ಬರುವುದಿಲ್ಲ. ಗಂಡ ಎಲ್ಲಿ ಹೋದ ಅಂತ ಹೇಳಲಾರದವಳನ್ನು ಹಿಡಿದು ಊರೇ ಎಲ್ಲಿ ಹೋಯಿತು ಅಂತ ಕೇಳುತ್ತಾರಲ್ಲ ಮಾರಾಯ್ತಿ!

ಇಳಿಯುವಾಗ ಮಾತ್ರ ಈಗಲೂ ಒಬ್ಬರನ್ನೂ ಬಿಡುವುದಿಲ್ಲ. ಎಲ್ಲರೂ ಅವರವರ ಹೆಸರು ಹಿಡಿದು "ಬಾ, ಹೋಗೋಣ, ಇಲ್ಲೇ ಉಳೀಬೇಡ" ಅಂತ ಕೂಗಲೇಬೇಕು. ಇಲ್ಲದಿದ್ದರೆ ಜೀವ ಆ ಕಲ್ಲುಗಳ ನಡುವೆಯೇ ನಿಂತುಬಿಡುತ್ತದೆ. ಅವರು ನಗುನಗುತ್ತಾ ಕೂಗುತ್ತಾರೆ. ನಗಲಿ, ಕೂಗಿದರೆ ಸಾಕು.

ಮಾರ್ಚ್‌ನಲ್ಲಿ ಹಿಲಾರಿಯೊ ಕಾಣೆಯಾದ ದಿನವೂ ಗಂಡ ಹೆಂಡತಿ ಇಬ್ಬರೂ ಹೀಗೇ ಕೂಗಿಸುತ್ತಿದ್ದೆವು. ಯಾವುದೋ ಹಕ್ಕಿಯ ಹಿಂದೆ ಕಾಡಿಗೆ ನುಗ್ಗಿದ್ದ ಪ್ರವಾಸಿಯನ್ನು ಹುಡುಕಿಕೊಂಡು ಹೋದ. ಪ್ರವಾಸಿ ಬೇರೆ ದಾರಿಯಿಂದ ಬಂದ. ಇವನು ಬರಲಿಲ್ಲ. ಊರ ಗಂಡಸರೆಲ್ಲ ಕಾಡನ್ನು ಜಾಲಾಡಿದರೂ ಒಂದು ಟೋಪಿ ಕೂಡ ಸಿಗಲಿಲ್ಲ. ಅವನು ಅಂದು ತೊಟ್ಟಿದ್ದರಲ್ಲಿ ನನ್ನ ಹತ್ತಿರ ಉಳಿದದ್ದು ಒಂದು ಅಂಗಿ. ಏರು ಹತ್ತಿ ಬೆವೆತು, ಅವನೇ ಬಿಚ್ಚಿ ನನ್ನ ಚೀಲಕ್ಕೆ ತುರುಕಿದ್ದು.

ಕಳೆದುಹೋದ ಜೀವವನ್ನು ಕರೆಯಲು ಒಗೆಯದ ಬಟ್ಟೆಯೇ ಬೇಕಲ್ಲ? ಚಿಕ್ಕವಳಿದ್ದಾಗ ನೀನು ಬಿದ್ದು ಹೆದರಿ ಜ್ವರ ಬಂದಾಗ ಅಮ್ಮ ನಿನ್ನ ಲಂಗ ಬೀಸಿ ಕೂಗಿದ್ದು ನನಗಿನ್ನೂ ನೆನಪಿದೆ. ನಾನೂ ದಿನಾ ಪ್ರವಾಸಿಗರನ್ನು ಮುಂದೆ ಕಳಿಸಿ, ಕಾಡಿನ ಕಡೆಗೆ ಆ ಅಂಗಿ ಬೀಸಿ ಕೂಗುತ್ತಿದ್ದೆ.

ಅತ್ತೆ ಬಿಡಲಿಲ್ಲ. "ಐದು ತಿಂಗಳಾಯ್ತು ಕಣೇ. ಸತ್ತೋರ ಬಟ್ಟೆ ಹೊಳೇಲಿ ತೊಳೀದಿದ್ರೆ ಅವನು ಪರಲೋಕದ ದಾರಿ ಹಿಡಿಯೋದಾದ್ರೂ ಹೇಗೆ?" ಅಂದರು.

"ಸತ್ತಿದ್ದನ್ನ ಕಂಡೋರ್ಯಾರು ಅತ್ತೆ?"

"ಬದುಕಿದ್ರೆ ಹಸಿವು ಅಂತ ಮನೆಗೆ ಬರ್ತಿದ್ದ. ನನ್ನ ಮಗನ ಹೊಟ್ಟೆ ನನಗೆ ಗೊತ್ತಿಲ್ವಾ?" ಅಂದವರೇ ಶಾಲಿನಲ್ಲಿ ಮುಖ ಮುಚ್ಚಿಕೊಂಡರು. ನನಗೆ ಸಿಟ್ಟು ಬಂತು, ಆಮೇಲೆ ಹೋಗಿ ಅವರ ಪಕ್ಕ ಕೂತೆ.

ಭಾನುವಾರ ಹೊಳೆಗೆ ಹೋದೆವು. ಅವನ ಪೊಂಚೊ, ಪ್ಯಾಂಟು, ಮದುವೆಯ ಕೋಟು ಎಲ್ಲ ತೊಳೆದಾಯಿತು. ಕೊನೆಗೆ ಅತ್ತೆ ಆ ಅಂಗಿಗೆ ಕೈ ಚಾಚಿದರು. ಕೊಟ್ಟೆ. ಯಾರಿಗೂ ಮುಟ್ಟಲು ಬಿಡದೆ, "ಹೋಗಿ ಬಾ ಮಗನೇ" ಅನ್ನುತ್ತಾ ತಾವೇ ಒಗೆದು ಹಿಂಡಿದರು. ಮನೆಗೆ ಬಂದು ಎಷ್ಟೋ ದಿನಗಳ ಮೇಲೆ ಎರಡು ಬಟ್ಟಲು ಜೋಳದ ಗಂಜಿ ಕುಡಿದರು. ಈಗ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ.

ಟ್ರುಹಿಯೊಗೆ ಬಂದುಬಿಡು ಅಂತ ಬರೆದಿದ್ದೀಯ. ಈಗಲೇ ಆಗುವುದಿಲ್ಲ ಅಕ್ಕಾ. ಮಕ್ಕಳಿಗೆ ನನ್ನ ಮುತ್ತು. ಮೇರಿ ಮಾತೆ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ
ಕ್ಲೋತಿ

ತಾ.ಕ.: ನಿನಗಲ್ಲದೆ ಯಾರಿಗೆ ಹೇಳಲಿ? ಮಾರ್ಗದರ್ಶಿಗಳಿಗೆಲ್ಲ ಒಂದೇ ಥರದ ಹಸಿರು ಅಂಗಿ. ಅತ್ತೆ ಅತ್ತು ತೊಳೆದದ್ದು ನನ್ನದು. ಅವನದು ಇನ್ನೂ ನನ್ನ ಹಾಸಿಗೆಯಲ್ಲೇ ಇದೆ. ನಿನ್ನೆ ಕೋಟೆಯಲ್ಲಿ ಬೀಸುವ ಮೊದಲು ಮೂಸಿ ನೋಡಿದೆ. ದಿನಾ ತಬ್ಬಿಕೊಂಡು ಮಲಗಿ ಮಲಗಿ ಅದಕ್ಕೆ ನನ್ನ ಬೆವರಿನ ವಾಸನೆಯೇ ಹತ್ತಿದೆ. ಅವನದು ಒಂಚೂರೂ ಇಲ್ಲ. ಕೂಗದೆ ಇಳಿದು ಬಂದೆ. ಇನ್ನು ಅವನನ್ನು ಏನು ಬೀಸಿ ಕರೆಯಲಿ ಅಕ್ಕಾ?