ದೊರೆ ಮುಂದೆ ಬರೀ ತಲೆ

ಮೇ ೧೦, ಸಂಜೆ

ಇವತ್ತು ಏಳು ತಲೆ. ಬೆಳಿಗ್ಗೆ ದಟ್ಟಗಳ್ಳಿ ಛತ್ರದಲ್ಲಿ ಮದುವೆ — ಗಂಡು, ಗಂಡಿನಪ್ಪ, ಮೂವರು ಮಾವಂದಿರು. ಮಧ್ಯಾಹ್ನ ಲಕ್ಷ್ಮೀಪುರಂನಲ್ಲಿ ಹೆಡ್‌ಮಾಸ್ಟರ್ ಒಬ್ಬರ ನಿವೃತ್ತಿ ಸನ್ಮಾನ, ಅಲ್ಲಿ ಎರಡು. ಹೆಡ್‌ಮಾಸ್ಟರರದು ಬೋಳುತಲೆ. ಬೇರೆಯವರು ಕಟ್ಟಿದ್ದರೆ ಪೇಟ ಜಾರಿ ಹಾರದ ಜೊತೆ ಕೊರಳಿಗೆ ಬೀಳುತ್ತಿತ್ತು. ಕಟ್ಟಿದ್ದು ನಾನು. ಭಾಷಣಗಳ ಮಧ್ಯೆ ಅವರು ಅತ್ತರು, ಸೀನಿದರು, ಎಲ್ಲರ ಕಾಲಿಗೂ ಬಗ್ಗಿದರು. ಪೇಟ ಅಲುಗಲಿಲ್ಲ.

ಮೈಸೂರಿನಲ್ಲಿ ತಲೆಯ ಮೇಲೆಯೇ ಪೇಟ ಸುತ್ತುವವರು ಈಗ ಎಷ್ಟು ಜನ? ಉಳಿದವರೆಲ್ಲ ಅಂಗಡಿಯಿಂದ ರೆಡಿಮೇಡ್ ತಂದು ಮಂಕರಿಯ ಹಾಗೆ ಕವುಚುತ್ತಾರೆ. ಥೂ.

"ತಲೆ ಬಗ್ಗಿಸಬೇಡಿ ಸ್ವಾಮಿ, ನೆಟ್ಟಗಿರಲಿ" — ಎಲ್ಲರಿಗೂ ನಾನು ಹೇಳುವುದು ಇದೊಂದೇ ಮಾತು. ಒಬ್ಬ ಮಂತ್ರಿಗೂ ಹೇಳಿದ್ದೇನೆ. ಅವರು ಕೇಳಿದರು, "ನಿಮ್ ತಲೆ ಮೇಲೆ ಯಾಕ್ರೀ ಇಲ್ಲ?" "ಕಟ್ಟೋನ್ ತಲೆ ಬರಿದಾಗಿರ್ಬೇಕು ಸಾರ್, ಅದು ನಮ್ ಕಸುಬಿನ ಕಾನೂನು" ಅಂದೆ. ಅಂಥ ಕಾನೂನು ಯಾವುದೂ ಇಲ್ಲ. ಹೇಳಿದಾಗ ಚೆನ್ನಾಗಿ ಕೇಳಿಸಿತು, ಅಷ್ಟೆ.

ಮನೆಗೆ ಬಂದರೆ ಚೆಲುವಯ್ಯ ಕೂತಿದ್ದರು. ನಮ್ಮ ಶ್ರೀರಾಂಪುರದ ನಿವಾಸಿಗಳ ಸಂಘದ ಅಧ್ಯಕ್ಷರು. ಜೂನ್ ನಾಲ್ಕು ನಾಲ್ವಡಿ ಕೃಷ್ಣರಾಜ ಒಡೆಯರ ಜಯಂತಿ. ಈ ಸಲ ಮುಖ್ಯ ಭಾಷಣ ನಮ್ಮ ಸಂಘಮಿತ್ರಳದು — ತಂಗಿ ಪುಟ್ಟಲಿಂಗಮ್ಮನ ಮಗಳು, ಮನೆಯಲ್ಲಿ ಬರೀ ಸಂಘ. ತಾಯಿ ಮಗಳು ನನ್ನ ಜೊತೆಯೇ ಇದ್ದಾರೆ. ಡಾಕ್ಟರೇಟ್ ಮುಗಿಸಿ ಈಗ ಕಾಲೇಜಿನಲ್ಲಿ ಮೇಡಂ. ಭಾಷಣ ಮಾಡಿದವರಿಗೆ ಶಾಲು, ಹಾರ, ಮೈಸೂರು ಪೇಟ. ಪೇಟ ಕಟ್ಟುವವರು ಯಾರು ಎಂದು ಬೇರೆ ಕೇಳಬೇಕೆ?

"ಸಿದ್ದಪ್ಪಾಜಿ, ಫ್ಲೆಕ್ಸ್‌ನಲ್ಲಿ ನಿಮ್ ಹೆಸ್ರೂ ಹಾಕಿಸ್ತೀನಿ ಕಣ್ರೀ."

ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಇಷ್ಟು ವರ್ಷ ಊರವರ ತಲೆಯನ್ನೆಲ್ಲ ಸಿಂಗರಿಸಿದ್ದೇನೆ. ಹೆಸರು ಎಲ್ಲೂ ಬಿದ್ದಿರಲಿಲ್ಲ.

ಮೇ ೧೧

ಒಪ್ಪುತ್ತಿಲ್ಲ ಹುಡುಗಿ.

"ಭಾಷಣ ಮಾಡ್ತೀನಿ ಮಾವ. ಪೇಟ ಬೇಡ."

"ಯಾಕವ್ವ?"

"ರಾಜನ ಪೇಟ ತಲೆ ಮೇಲಿಟ್ಕೊಂಡು ಪ್ರಜಾಪ್ರಭುತ್ವ ಅಂತ ಪಾಠ ಮಾಡ್ಲಾ?"

ನಾನು ಬಿಡುತ್ತೇನೆಯೇ. "ಬೆಳಿಗ್ಗೆ ನಲ್ಲಿ ತಿರುಗಿಸ್ದಾಗ ಬರೋ ನೀರು? ಕನ್ನಂಬಾಡಿ ಕಟ್ಟಿಸಿದ್ ಯಾರು? ನೀನು ಹುಟ್ಟಿದ್ ದೊಡ್ಡಾಸ್ಪತ್ರೆ? ನಿಂಗೆ ಡಾಕ್ಟರೇಟ್ ಕೊಟ್ಟ ಯೂನಿವರ್ಸಿಟಿ? ಮೈ ತೊಳ್ಕೊಳೋ ಗಂಧದ ಸೋಪು? ಅದ್ರ ನೊರೇಲೂ ಅವ್ರೇ ಅವ್ರೆ ಕಣವ್ವ!"

ಒಳಗಿನಿಂದ ಪುಟ್ಟಲಿಂಗಮ್ಮ: "ಸೋಪು ನಾನು ದುಡ್ಡು ಕೊಟ್ಟು ತಂದಿದ್ದು."

ಸಂಘ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಒಳ್ಳೇ ದೊರೆ, ನಾನೇನ್ ಇಲ್ಲ ಅಂದ್ನಾ? ನಮ್ಮಂಥೋರಿಗೆ ಶಾಲೆ ಬಾಗಿಲು ತೆಗೆಸಿದ್ರು, ಮೀಸಲಾತಿ ತಂದ್ರು. ಅದ್ನೇ ಹೇಳ್ತೀನಿ ವೇದಿಕೆ ಮೇಲೆ. ಆದ್ರೆ ಕೊಟ್ಟೋರು ಅಂತ ತಲೆ ಬಗ್ಗಿಸಿ ನಿಂತ್ಬುಟ್ರೆ ಅದು ಹಕ್ಕಾಗಲ್ಲ ಮಾವ."

ಗೋಡೆ ನೋಡಿದೆ. ಮೇಲೆ ಬುದ್ಧ. ಕೆಳಗೆ ಅಕ್ಕಪಕ್ಕ ಬಾಬಾಸಾಹೇಬರು, ನಾಲ್ವಡಿ ದೊರೆಗಳು. ಇಬ್ಬರೂ ಒಂದೇ ಎತ್ತರದಲ್ಲಿರಬೇಕೆಂದು ದಾರ ಹಿಡಿದು ಮೊಳೆ ಹೊಡೆದವನು ನಾನೇ. ಇಬ್ಬರೂ ಅವಳ ಕಡೆಗೇ ಇದ್ದ ಹಾಗೆ ಕಂಡಿತು.

ಕೊನೆಯ ಬಾಣ ಬಿಟ್ಟೆ. "ದಸರಾ ಮೆರವಣಿಗೇಲಿ ಆನೆ ಮೇಲಿಂದ ದೊರೆಗಳು ನಿಮ್ ತಾತನ್ನ ನೋಡಿ ನಕ್ಕಿದ್ರು, ಗೊತ್ತಾ?"

"ಹೋದ್ ಸಲ ಕೈ ಬೀಸಿದ್ರು ಅಂದಿದ್ದೆ."

"ಮೊದ್ಲು ಕೈ ಬೀಸಿದ್ರು. ಆಮೇಲೆ ನಕ್ರು."

ಮೇ ೧೪

ಹಾಲಿನ ಬೂತಿನ ಹತ್ತಿರ ಚೆಲುವಯ್ಯ ಸಿಕ್ಕಿ, "ಮೇಡಂ ಒಪ್ಪಿದ್ರಾ?" ಎಂದರು. "ಒಪ್ಪದೆ ಇರ್ತಾಳಾ? ನಂಗೆ ಎದುರಾಡೋ ಮಗು ಅಲ್ಲ ಅದು" ಅಂದೆ. ಸುಳ್ಳಲ್ಲ. ಮುಂದೆ ನಿಜವಾಗುವುದನ್ನು ಸ್ವಲ್ಪ ಮೊದಲೇ ಹೇಳಿದೆ.

ಇಸ್ತ್ರಿ ಅಂಗಡಿಯ ನಾಗೇಂದ್ರನಿಗೂ ಹೇಳಿದೆ. ಅವನಿಗೆ ಹೇಳಿದ ಮೇಲೆ ಬಡಾವಣೆಯಲ್ಲಿ ಇನ್ನೊಬ್ಬರಿಗೆ ಹೇಳುವ ಅಗತ್ಯವಿಲ್ಲ.

ಮೇ ೨೩

ಫ್ಲೆಕ್ಸ್ ಕಟ್ಟಿದರು! ಪಾರ್ಕಿನ ಮೂಲೆಯಲ್ಲಿ. ಮೇಲೆ ದೊರೆ. ಮಧ್ಯೆ ಸಂಘಮಿತ್ರಳ ಫೋಟೋ. ಕೆಳಗೆ, ವಿದ್ಯುತ್ ಕಂಬ ಅಡ್ಡ ಬರುವ ಕಡೆ — "ಪೇಟ ತೊಡಿಸುವವರು: ಶ್ರೀ ಸಿದ್ದಪ್ಪಾಜಿ". ಆ 'ಶ್ರೀ' ನೋಡಿ. ತರಕಾರಿಗೆಂದು ಸ್ಕೂಟರ್ ತೆಗೆದೆ, ಆ ಕಡೆಯಿಂದಲೇ ಹೋದೆ. ಕೊತ್ತಂಬರಿ ಮರೆತೆ ಎಂದು ಮತ್ತೆ ಹೋದೆ. ಕೊತ್ತಂಬರಿ ತರಲಿಲ್ಲ.

ಅವಳು ಇನ್ನೂ ಬೇಡ ಎನ್ನುತ್ತಿದ್ದಾಳೆ. ಬೇಡ ಎಂದುಬಿಟ್ಟರೆ ಅಷ್ಟು ಜನರ ಮುಂದೆ, ಪೇಟ ಕೈಯಲ್ಲಿ ಹಿಡಿದು... ಬೇಡಪ್ಪ. ಯೋಚಿಸುವುದೇ ಬೇಡ.

ಮೇ ೨೪

ಉಪಾಯ ಹೊಳೆಯಿತು. ತಲೆಯ ಮೇಲೆ ಸುತ್ತಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಎದ್ದು ಹೋಗುತ್ತಾಳೆ. ಮೊದಲೇ ಕಟ್ಟಿಟ್ಟುಕೊಂಡರೆ? ಭಾಷಣ ಮುಗಿಸಿ ಬಂದು ಕೂರುತ್ತಿದ್ದ ಹಾಗೇ ಟಪ್ ಎಂದು ಇಟ್ಟುಬಿಡುವುದು. ಚಪ್ಪಾಳೆ ಬಿದ್ದ ಮೇಲೆ ಯಾರು ತೆಗೆಯುತ್ತಾರೆ?

(ಹೌದು, ರೆಡಿಮೇಡೇ. ಆದರೆ ನಾನು ಮಾಡಿದ ರೆಡಿಮೇಡ್.)

ಅಳತೆ ಬೇಕಲ್ಲ. ಭಾನುವಾರ. "ಬಾ ಮಗ, ತಲೆಗೆ ಹರಳೆಣ್ಣೆ ಹಚ್ತೀನಿ, ಓದಿ ಓದಿ ಉಷ್ಣ ಆಗದೆ" ಅಂದೆ. ಚಿಕ್ಕವಳಿದ್ದಾಗ ಹಚ್ಚುತ್ತಿದ್ದೆ, ಖುಷಿಯಾಗಿ ಕೂತಳು. ಎಣ್ಣೆ ತಟ್ಟಿ ಕೂದಲನ್ನು ಎತ್ತಿ ಗಂಟು ಹಾಕಿದೆ. ಅಳತೆ ಟೇಪು ಅಂಗಿಯ ತೋಳಿನೊಳಗೆ ಬಚ್ಚಿಟ್ಟಿದ್ದೆ, ಮೆಲ್ಲಗೆ ಸುತ್ತು ತಂದೆ.

"ಮಾವ, ಏನೋ ತಣ್ಣಗೆ ತಾಗ್ತು."

"ಎಣ್ಣೆ ಕಣವ್ವ. ಸುಮ್ನಿರು."

ಮೇ ೩೦

ಪೇಟ ಮುಗಿಯಿತು. ಕೆನೆಬಣ್ಣದ ರೇಷ್ಮೆ, ಕೆಂಪು ಅಂಚು, ಜರಿ. ಅಳತೆಗೆ ಸರಿಯಾದ ಬುರುಡೆ ಬೇಕಿತ್ತು. ಅಡುಗೆಮನೆಯಲ್ಲಿ ಪಾಯಸದ ತಪ್ಪಲೆ ಸಿಕ್ಕಿತು. ಬೋರಲು ಹಾಕಿ ಸುತ್ತಿದೆ. ಇಷ್ಟು ಲಕ್ಷಣವಾದ ಪೇಟ ಕಟ್ಟಿ ಎಷ್ಟೋ ವರ್ಷವಾಯಿತು. ತಪ್ಪಲೆ ಸಮೇತ ಬೀರುವಿನೊಳಗೆ ಇಟ್ಟೆ.

ಸಂಜೆ ಪುಟ್ಟಲಿಂಗಮ್ಮ ಪಾಯಸ ಮಾಡಲು ಹೊರಟಳು. ತಪ್ಪಲೆ ಹುಡುಕಿ ಬೀರು ತೆಗೆದಳು.

"ಅಣ್ಣಯ್ಯೋ! ನನ್ ತಪ್ಪಲೇಗೆ ಪಟ್ಟಾಭಿಷೇಕ ಮಾಡಿದ್ದೀಯಲ್ಲೋ!"

ಸಂಘ ಓಡಿ ಬಂದಳು. ನೋಡಿದಳು. ಎಣ್ಣೆ, ತಣ್ಣಗೆ ತಾಗಿದ್ದು, ಎಲ್ಲ ಅವಳಿಗೆ ಗೊತ್ತಾಗಿಹೋಯಿತು.

"ನನ್ನ ಒಂದ್ ಮಾತು ಕೇಳ್ದೆ ನನ್ ತಲೆ ಮೇಲೆ ಪೇಟ ಅಂತ ಊರಿಗೆಲ್ಲ ಮಾತು ಕೊಟ್ಬುಟ್ಟಿದ್ದೀಯ. ಭಾಷಣಾನೂ ಬೇಡ, ಏನೂ ಬೇಡ. ನಾಳೆ ಚೆಲುವಯ್ಯನೋರಿಗೆ ಫೋನ್ ಮಾಡ್ತೀನಿ."

ಪಾಯಸ ಆಗಲಿಲ್ಲ.

ಜೂನ್ ೧

ಫೋನ್ ಇನ್ನೂ ಮಾಡಿಲ್ಲ. ನನ್ನ ಜೊತೆ ಮಾತೂ ಇಲ್ಲ.

ಸಂಜೆ ನಾನು ಜಗಲಿಯಲ್ಲಿದ್ದೆ. ಒಳಗೆ ತಾಯಿ ಮಗಳು ಅಲಸಂದೆಕಾಳು ಬಿಡಿಸುತ್ತಿದ್ದರು. ಪುಟ್ಟಲಿಂಗಮ್ಮ ಆ ಕಥೆ ಹೇಳಲು ಶುರು ಮಾಡಿದಳು. ನಾನು ಯಾರಿಗೂ ಹೇಳದ ಕಥೆ. ಎದ್ದು ಹೋಗಬೇಕೆಂದುಕೊಂಡೆ. ಹೋಗಲಿಲ್ಲ.

"ದೊರೆ ನಕ್ಕಿದ್ದೂ ಇಲ್ಲ, ಕೈ ಬೀಸಿದ್ದೂ ಇಲ್ಲ ಕಣೆ. ನಮ್ಮೂರಲ್ಲಿ ಚಾವಡಿ ಮುಂದೆ ಹೋಗ್ಬೇಕಾದ್ರೆ ನಮ್ಮೋರು ತಲೆಬಟ್ಟೆ ಬಿಚ್ಚಿ ಕಂಕ್ಳಲ್ಲಿ ಇಟ್ಕೋಬೇಕಿತ್ತು. ಮಳೆಯಾಗ್ಲಿ, ಬಿಸ್ಲಾಗ್ಲಿ. ನಿಮ್ ತಾತ ಹುಡ್ಗನಾಗಿದ್ದಾಗ ನಡ್ಕೊಂಡು ದಸರಾ ನೋಡಕ್ಕೆ ಬಂದ. ಆನೆ ಬತ್ತು. ಅಭ್ಯಾಸ ನೋಡು, ಗಡಬಡ ಅಂತ ಬಟ್ಟೆ ಬಿಚ್ಚಿ ಕಂಕ್ಳಿಗೆ ಇಟ್ಕೊಂಡ. ಪಕ್ಕದಲ್ಲಿ ಯಾರೋ ಪೇಟದ ಯಜಮಾನ್ರು ನಿಂತಿದ್ರಂತೆ. ಗದರ್ಕೊಂಡ್ರು — 'ಏ ಹುಡ್ಗ, ದೊರೆ ಮುಂದೆ ಬರೀ ತಲೇಲಿ ನಿಂತ್ಕೋಬ್ಯಾಡ, ಸುತ್ಕೊ!' ಅರಮನೆ ಪದ್ಧತೀಲಿ ಬರೀ ತಲೆ ಅಂದ್ರೆ ಅಗೌರವ ಅಲ್ವಾ. ನಿಮ್ ತಾತ ಮತ್ತೆ ಬಟ್ಟೆ ತೆಗ್ದು ಸುತ್ತಿ ಮುಗಿಸೋ ಹೊತ್ತಿಗೆ ಆನೆ ಮುಂದಕ್ಕೋಗಿತ್ತು. ದೊರೆ ಮುಖಾನೇ ನೋಡ್ಲಿಲ್ಲ."

"ಆಮೇಲೆ?"

"ಆಮೇಲೆ ಊರಿಗೆ ಬಂದ. ಚಾವಡಿ ಮುಂದೆ ಬಿಚ್ಲಿಲ್ಲ. 'ದೊರೆ ಮುಂದೇನೆ ಸುತ್ಕೊಂಡ್ ನಿಂತಿದ್ದೀನಿ, ನಿಮ್ ಮುಂದೆ ಯಾಕ್ ಬಿಚ್ಲಿ' ಅಂದ. ಹೊಡುದ್ರು. ಹುಬ್ಬಿನ ಮೇಲೆ ಗಾಯದ ಗುರುತಿತ್ತಲ್ಲ, ಅದೇ. ಆದ್ರೂ ಬಿಚ್ಲಿಲ್ಲ."

ಅಪ್ಪ ಒದೆ ತಿಂದ ಕಥೆಯನ್ನು ಹೇಗೆ ಬಾಯಿಬಿಟ್ಟು ಹೇಳುವುದು? ನಕ್ಕರು, ಕೈ ಬೀಸಿದರು ಎನ್ನುವುದು ವಾಸಿ.

ಸಂಘ ನಿಧಾನಕ್ಕೆ ಅಂದಳು, "ಹಂಗಾದ್ರೆ ರಾಜ ಏನೂ ಮಾಡ್ಲಿಲ್ವಲ್ಲಮ್ಮ. ಸುಮ್ನೆ ಆನೆ ಮೇಲೆ ಹೋದ್ರು."

ತಡೆಯಲಾಗಲಿಲ್ಲ. ಜಗಲಿಯಿಂದಲೇ ಕೂಗಿದೆ, "ಸುಮ್ನೆ ಹೋಗಿದ್ದಕ್ಕೇ ಇಷ್ಟಾಯ್ತಲ್ಲವ್ವ! ಇನ್ನು ಶಾಲೆ, ಕಾಲೇಜು ಅಂತ ಮಾಡಿದ್ದಕ್ಕೆಲ್ಲ ಎಷ್ಟಾಗಿರ್ಬೇಕು, ಲೆಕ್ಕ ಹಾಕು!"

"ಏಟು ತಿಂದೋರು ತಾತ ಕಣ್ ಮಾವ."

"ಯಾರು ಇಲ್ಲ ಅಂದೋರು?"

ಮೂರು ದಿನದಲ್ಲಿ ಮೊದಲ ಸಲ 'ಮಾವ' ಅಂದಳು.

ಜೂನ್ ೩

ಬೆಳಿಗ್ಗೆ ಕಾಫಿ ಕೊಡುತ್ತಾ ಕೇಳಿದಳು, "ತಾತನ ತಲೆಬಟ್ಟೆ ಯಾವ್ ಬಣ್ಣ?"

"ಬಿಳಿ. ಒಂದ್ ಕಾಲದಲ್ಲಿ."

ಅಷ್ಟೇ. ಕೋಣೆಗೆ ಹೋಗಿ ಬರೆಯುತ್ತಾ ಕೂತಳು. ಭಾಷಣಕ್ಕೆ ಹೋಗುತ್ತಾಳೆ ಎಂದಾಯಿತು. ಪೇಟ? ಕೇಳುವ ಧೈರ್ಯ ನನಗಿಲ್ಲ. ಎಂಥೆಂಥ ಮಂತ್ರಿಗಳಿಗೆ ತಲೆ ನೆಟ್ಟಗಿಡಿ ಎಂದವನು ನಾನು.

ಜೂನ್ ೪, ಸಂಜೆ

ಸಭಾಂಗಣ ತುಂಬಿತ್ತು. ದೊರೆಯ ದೊಡ್ಡ ಫೋಟೋ, ಮಲ್ಲಿಗೆ ಹಾರ. ಮುಂದಿನ ಸಾಲಿನಲ್ಲಿ ಪುಟ್ಟಲಿಂಗಮ್ಮ, ಮದುವೆಯ ಸೀರೆಯಲ್ಲಿ. ನಾನು ಪಕ್ಕದ ಬಾಗಿಲಲ್ಲಿ, ಪೇಟ ಹಿಡಿದು.

ಸಂಘ ಮಾತಾಡಿದಳು. ನಲ್ಲಿ, ಆಸ್ಪತ್ರೆ, ಯೂನಿವರ್ಸಿಟಿ, ಎಲ್ಲ ಹೇಳಿದಳು. ಸೋಪಿನ ನೊರೆಯನ್ನೂ ಬಿಡಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ನನ್ನ ಮಾತು ಅದು, ಪಕ್ಕದವರಿಗೆ ಹೇಳಿದೆ. ಆಮೇಲೆ ತಾತನ ಕಥೆ. ಒದೆ ತಿಂದದ್ದೂ ಸೇರಿ. ನನಗೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಎದೆ ಮುಂದಕ್ಕೆ ಬಂದಿತ್ತು. ನಮ್ಮಪ್ಪ!

ಚೆಲುವಯ್ಯ ಮೈಕ್‌ನಲ್ಲಿ ನನ್ನ ಹೆಸರು ಕೂಗಿದರು. ಮೆಟ್ಟಿಲು ಹತ್ತಿದೆ. ಅವಳು ಎದ್ದು ಹೋಗಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು, "ಇಡು ಮಾವ" ಅಂದಳು.

ಇಟ್ಟೆ.

ಪೇಟ ಹಣೆ ದಾಟಿತು. ಕಣ್ಣು ದಾಟಿತು. ಮೂಗಿನ ಮೇಲೆ ಹೋಗಿ ನಿಂತಿತು.

ಸಭೆ ಹೋ ಎಂದಿತು. "ಏನ್ರೀ ಸಿದ್ದಪ್ಪಾಜಿ, ಮೇಡಮ್ಮನ್ನೇ ಮುಚ್ಬುಟ್ರಲ್ಲಾ!" — ಚೆಲುವಯ್ಯ, ಅದೂ ಮೈಕ್‌ನಲ್ಲಿ.

ಪೇಟದೊಳಗಿಂದ ಸಂಘ: "ಮಾವ, ಇದು ಯಾರ್ ತಲೆ ಅಳ್ತೆ?"

"ನಿಂದೇ ಕಣವ್ವ..." ಆಗ ಹೊಳೆಯಿತು. ಗಂಡಸರ ತಲೆ ಕಟ್ಟಿ ಅಭ್ಯಾಸವಾದ ಕೈ. ಅವತ್ತು ಎಣ್ಣೆ ಹಚ್ಚಿ ಗಂಟು ಹಾಕಿದ್ದೆನಲ್ಲ, ಟೇಪು ಗಂಟಿನ ಮೇಲೆ ಹಾದು ಬಂದಿತ್ತು. ಇವತ್ತು ಜಡೆ ಹೆಣೆದುಕೊಂಡು ಬಂದಿದ್ದಾಳೆ. "...ಗಂಟಿನ ಸಮೇತ."

ಅವಳೂ ನಕ್ಕಳು. ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ಕೊಡು, ಬಿಚ್ಚಿ ಈಗ್ಲೇ ನಿನ್ ತಲೆ ಮೇಲೇ ಸುತ್ತುತೀನಿ" ಅಂದೆ. ಕೊಡಲಿಲ್ಲ. ಎದ್ದು ನಿಂತಳು. ದೊರೆಯ ಫೋಟೋ ನೋಡಿದಳು, ನನ್ನ ತಲೆ ನೋಡಿದಳು. ಮೈಕ್ ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು.

"ಮಾವ, ದೊರೆ ಮುಂದೆ ಬರೀ ತಲೇಲಿ ನಿಂತ್ಕೋಬ್ಯಾಡ. ಸುತ್ಕೊ."

ನಗು ನಿಂತಿತು.

ಕಸುಬಿನ ಕಾನೂನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಪೇಟ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಬಿಚ್ಚಿದ ಬಟ್ಟೆಯ ತುದಿ ಹಲ್ಲಲ್ಲಿ ಕಚ್ಚಿ ಸುತ್ತಲು ಹೋದೆ. ಒಂದು ಸುತ್ತು ಬಂತು, ಎರಡನೆಯದು ಬಿಚ್ಚಿಕೊಂಡಿತು. ಊರವರ ತಲೆಯೆಲ್ಲ ಗೊತ್ತು ಈ ಕೈಗೆ. ನನ್ನ ತಲೆ ಗೊತ್ತಿಲ್ಲ. ಮುಂದಿನ ಸಾಲಿನಿಂದ ಪುಟ್ಟಲಿಂಗಮ್ಮ ಎದ್ದು ಬಂದೇಬಿಟ್ಟಳು. ಒಂದು ತುದಿ ಅವಳು, ಇನ್ನೊಂದು ಮಗಳು. ಹಗ್ಗ ಹೊಸೆಯುವವರ ಹಾಗೆ ಸುತ್ತಿದರು. ಒಂದು ಕಿವಿ ಒಳಗೆ ಸೇರಿತು. ಅವರಿಗೆ ಎಟುಕಲಿ ಎಂದು ಬಗ್ಗಿದೆ.

"ತಲೆ ಬಗ್ಗಿಸ್ಬೇಡ ಮಾವ, ನೆಟ್ಟಗಿರ್ಲಿ."

ಚಪ್ಪಾಳೆ. ಕಣ್ಣಿಗೆ ಜರಿಯ ಎಳೆ ಚುಚ್ಚಿತು, ನೀರು ಬಂತು. ಜರಿಯಿಂದಲೇ.

ಆಮೇಲೆ ಅವಳು ಕೂತು, "ಈಗ ನಂಗೆ ಕಟ್ಟು" ಅಂದಳು. ನನ್ನ ಚೀಲದಲ್ಲಿ ಇನ್ನೊಂದು ಬಟ್ಟೆ ಇರದೆ ಇರುತ್ತದೆಯೇ? ತಲೆಯ ಮೇಲೆಯೇ ಸುತ್ತಿದೆ, ಜಡೆಯ ಲೆಕ್ಕ ನೋಡಿಕೊಂಡು. ಫೋಟೋಗೆ ನಿಂತೆವು. ಮೇಲೆ ದೊರೆ, ಅವರಿಗೂ ಪೇಟ. ಮೂರರಲ್ಲಿ ವಾಲಿದ್ದು ನನ್ನದೊಂದೇ.

ಜೂನ್ ೪, ಊಟದ ಹೊತ್ತು

ಮನೆಗೆ ಬರುವಾಗ ಫ್ಲೆಕ್ಸಿನ ಮುಂದೆ ಸ್ಕೂಟರ್ ನಿಲ್ಲಿಸಿದೆ. ಹಿಂದೆ ಕೂತಿದ್ದ ಸಂಘ, "ಕೊತ್ತಂಬರಿನಾ ಮಾವ?" ಅಂದಳು. ಇವಳಿಗೆ ಹೇಗೆ ಗೊತ್ತಾಯಿತೋ.

ಕನ್ನಡಿ ನೋಡಿಕೊಂಡೆ. ಮೈಸೂರಿನಲ್ಲೇ ಇಷ್ಟು ಕೆಟ್ಟದಾಗಿ ಕಟ್ಟಿದ ಪೇಟ ಇನ್ನೊಂದಿರಲಾರದು. ಎಡಕ್ಕೆ ವಾಲಿದೆ, ಹಿಂದೆ ಬಾಲ ಬಿಟ್ಟಿದೆ, ಕಿವಿ ಉರಿಯುತ್ತಿದೆ. ಬೇರೆಯವರ ತಲೆಯ ಮೇಲಿದ್ದರೆ ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದೆ.

ಅಡುಗೆಮನೆಯಿಂದ ಪುಟ್ಟಲಿಂಗಮ್ಮ ಕೂಗುತ್ತಿದ್ದಾಳೆ — "ಪಾಯಸ ಆರ್ತಾ ಅದೆ ಅಣ್ಣಯ್ಯ, ಅದ್ನ ಬಿಚ್ಚಿಟ್ಟು ಬಾ."

ಅಪ್ಪ ಬಿಚ್ಚಲಿಲ್ಲ. ನಾನೂ ಬಿಚ್ಚುವುದಿಲ್ಲ, ಹೀಗೇ ಊಟಕ್ಕೆ ಕೂರುತ್ತೇನೆ.