ಮಾಹಿರಾ ಹೇಳಿಸಿದ ಪ್ರತಿಜ್ಞೆ

ಭದ್ರಾವತಿ, ನವೆಂಬರ್ ೧

ಪ್ರೀತಿಯ ಅಕ್ಕನಿಗೆ,

ಮಕ್ಕಳಲ್ಲಿ ನಾಡಿನ ಅಭಿಮಾನ ಬಡಿದೆಬ್ಬಿಸಿಯೇ ತೀರುತ್ತೇನೆಂದು ಇಂದು ಕಾಗದನಗರದ ಶಾಲೆಗೆ ರಾಜ್ಯೋತ್ಸವದ ಭಾಷಣಕ್ಕೆ ಹೋಗಿದ್ದೆ. ಬಾವುಟದ ಮುಂದೆ ಪ್ರತಿಜ್ಞೆ ಹೇಳಿಸುವ ಸರದಿ ಐದನೇ ತರಗತಿಯ ಮಾಹಿರಾಳದು. ಅವಳಿಗೆ ಉಗ್ಗು. ಎರಡನೇ ಸಾಲಿಗೇ ಮಾತು ನಿಂತಿತು. ಹೇಳಿಕೊಡಲು ನಾನು ಬಾಯಿ ತೆರೆದೆ.

"ಸುಮ್ನಿರಿ ಸಾರ್, ಅವ್ಳೇ ಹೇಳ್ತಾಳೆ!" ಎಂದು ಪಕ್ಕದ ಹುಡುಗಿ ಗದರಿದಳು.

ಮುಂದೆ ಚಾಚಿದ ಇನ್ನೂರು ಕೈಗಳಲ್ಲಿ ಒಂದೂ ಇಳಿಯಲಿಲ್ಲ. ಯಾರೂ ನಗಲಿಲ್ಲ. ಕೊನೆಯ ಮಾತಿನವರೆಗೂ ಅವಳೇ ಹೇಳಿಸಿದಳು. ಅಕ್ಕ, ಕರಪತ್ರಗಳಲ್ಲಿ ಓದಿದ್ದ ನಾಡಿನ ಹಿರಿಮೆಯನ್ನು ಇಂದು ಕಣ್ಣಾರೆ ಕಂಡೆ! ಕದಂಬರಿಂದ ಕೆಳದಿಯವರೆಗೆ ಬರೆದೊಯ್ದಿದ್ದ ಭಾಷಣವನ್ನು ನಾಲ್ಕೇ ಮಾತಿಗೆ ಮುಗಿಸಿದೆ.

ಕಾರ್ಡು ತುಂಬಿತು. ಆರೋಗ್ಯವಾಗಿದ್ದೇನೆ, ಬಲಭುಜ ಮಾತ್ರ ನೋಯುತ್ತಿದೆ. ನಾನೂ ಕೈ ಇಳಿಸಲಿಲ್ಲ.

ನಿನ್ನ ತಮ್ಮ,
ಶಿವಯೋಗಿ